ಹಾಲಿನ ಕೈ, ಉಪ್ಪಿನ ಕೈ

ನಮ್ಮೂರಿಗೆ ಬರುವವರೆಲ್ಲ ತಲೆ ಮೇಲೆತ್ತಿಕೊಂಡೇ ಬರುತ್ತಾರೆ. ದೇಶದ ದಕ್ಷಿಣದ ಕೊನೆಯಲ್ಲಿರುವ ಹಳೆಯ ಊರು ಇದು, ಅವರಿಗೆ ಕಂಡದ್ದೆಲ್ಲ ಚರಿತ್ರೆ. ಬಾತುಕೋಳಿಗಳ ಕೊಳ, ತುಕ್ಕು ಹಿಡಿದ ಫಿರಂಗಿ, ಹಿಂದಿನ ಕಾಲದ ವ್ಯಾಪಾರಿಗಳ ದೊಡ್ಡ ದೊಡ್ಡ ಮನೆಗಳು, ಎಲ್ಲದರ ನಡುವೆ ಗಡಿಯಾರದ ಗೋಪುರ. ಒಬ್ಬನಂತೂ ನಮ್ಮ ಅಡುಗೆಮನೆಯ ಮುರುಕು ಕಿಟಕಿಯ ಫೋಟೋ ಹೊಡೆದುಕೊಂಡು ಹೋದ. ಅದು ಯಾವ ಯುದ್ಧದಲ್ಲೂ ಮುರಿದದ್ದಲ್ಲ ಮಾರಾಯ, ನನ್ನ ಗಂಡ ಬೀಗದ ಕೈ ಕಳೆದುಕೊಂಡು ಅಲ್ಲಿಂದ ಒಳಗೆ ನುಗ್ಗಿದ್ದು ಎಂದು ಹೇಳೋಣವೆಂದರೆ ಅವನಿಗೆ ನಮ್ಮ ಭಾಷೆ ಬರುತ್ತಿರಲಿಲ್ಲ.

ನೋಡಿ ನೋಡಿ ಕಾಲು ಸೋತ ಮೇಲೆ ಅವರಿಗೆ ಸಿಹಿ ಬೇಕಾಗುತ್ತದೆ. ಅದಕ್ಕೆ ಇಲ್ಲಿ ಬರವಿಲ್ಲ. ಕೊಳದ ಹತ್ತಿರ ಜಾಮ್ ರೋಲ್ ಮಾರುವ ಜಾಮಕ್ಕ ಇದ್ದಾಳೆ. ಚೌಕದಲ್ಲಿ ಗಾಜಿನ ಬಾಗಿಲಿನ ಕೇಕಿನಂಗಡಿ ಇದೆ. ಅದರ ಯಜಮಾನನಿಗೆ ಊರೆಲ್ಲ ಕೆನೆಯಣ್ಣ ಎನ್ನುತ್ತದೆ, ಯಾಕೆಂದರೆ ಅವನು ಏನು ಮಾಡಿದರೂ ಮೇಲೊಂದು ಗುಡ್ಡೆ ಕೆನೆ ಹಾಕದೆ ಬಿಡುವವನಲ್ಲ. ಗೋಪುರದ ಬೆನ್ನಿಗಿರುವ ಇಳಿಜಾರಿನ ಓಣಿಯಲ್ಲಿ ನಮ್ಮ ಅಂಗಡಿ. ನಮ್ಮದು ಸುಟ್ಟ ಸಕ್ಕರೆಯ ಐಸ್‌ಕ್ರೀಮ್, ಅದೊಂದೇ. ಬೇರೆ ಏನಿದೆ ಎಂದು ಕೇಳಿದವರಿಗೆ ನಮ್ಮ ಅತ್ತೆ, “ನೀರಿದೆ” ಎನ್ನುತ್ತಿದ್ದರು.

ಮಾಡುವ ಬಗೆಯನ್ನು ಈಗಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದೆ ನಾನು ಪಟ್ಟ ಪಾಡು ನಿಮಗೆ ಅರ್ಥವಾಗುವುದಿಲ್ಲ. ಬಾಣಲೆಯಲ್ಲಿ ಸಕ್ಕರೆಯನ್ನು ನೀರು ಹಾಕದೆ ಕರಗಿಸಿ, ಜೇನಿನ ಬಣ್ಣ ದಾಟಿ ಕಂದು ಬಣ್ಣಕ್ಕೆ ತಿರುಗಿದ ಕೂಡಲೇ ಗಟ್ಟಿ ಹಾಲು ಸುರಿಯಬೇಕು. ಅದು ಆರಿದ ಮೇಲೆ ಉದ್ದನೆಯ ತಗಡಿನ ಡಬ್ಬಿಗೆ ತುಂಬಿ, ಮರದ ಬಕೆಟ್ಟಿನ ನಡುವೆ ನಿಲ್ಲಿಸಬೇಕು. ಡಬ್ಬಿಯ ಸುತ್ತ ಪುಡಿ ಮಾಡಿದ ಐಸು, ಐಸಿನ ಮೇಲೆ ಕಲ್ಲುಪ್ಪು. ಆಮೇಲೆ ಡಬ್ಬಿಯನ್ನು ಸುತ್ತಿಸುವ ಹಿಡಿ ತಿರುಗಿಸುತ್ತ ಕೂರಬೇಕು. ಬರೀ ಐಸು ಹಾಲನ್ನು ತಣ್ಣಗೆ ಮಾಡುತ್ತದೆ, ಅಷ್ಟೇ. ಹಾಲು ಗಟ್ಟಿಯಾಗುವಷ್ಟು ಚಳಿ ಹುಟ್ಟುವುದು ಉಪ್ಪು ಬಿದ್ದ ಮೇಲೆಯೇ. ಆದರೆ ಆ ಉಪ್ಪುನೀರು ಒಂದು ತೊಟ್ಟು ಡಬ್ಬಿಯೊಳಗೆ ಇಳಿಯಿತೋ, ಅಷ್ಟೂ ಹಾಲು ಮೋರಿಯ ಪಾಲು.

ಅದಕ್ಕೇ ನಮ್ಮ ಮನೆಯಲ್ಲಿ ಒಂದು ಕಟ್ಟುಪಾಡು. ಹಾಲು ಮುಟ್ಟುವ ಕೈ ಉಪ್ಪು ಮುಟ್ಟಬಾರದು, ಉಪ್ಪು ಮುಟ್ಟುವ ಕೈ ಹಾಲು ಮುಟ್ಟಬಾರದು. ಅತ್ತೆ ಹಾಲಿನ ಕೈ. ಸಕ್ಕರೆ ಸುಡುವುದು, ಡಬ್ಬಿ ತುಂಬುವುದು, ಹಿಡಿ ತಿರುಗಿಸುವುದು, ಮುಚ್ಚಳ ತೆಗೆಯುವುದು, ಬಡಿಸುವುದು, ಹೊಗಳಿಸಿಕೊಳ್ಳುವುದು ಎಲ್ಲ ಅವರದು. ಅವರ ಮೈಮೇಲೆ ಹಾಲಿನಷ್ಟೇ ಬೆಳ್ಳಗಿನ ಏಪ್ರನ್. ನಾನು ಉಪ್ಪಿನ ಕೈ. ಮದುವೆಯಾಗಿ ಈ ಮನೆಗೆ ಬಂದ ಹೊಸತರಲ್ಲೇ ನನ್ನ ಕೈಗೊಂದು ಮರದ ಸುತ್ತಿಗೆ, ಕೊರಳಿಗೊಂದು ಕರೀ ರಬ್ಬರಿನ ಏಪ್ರನ್ ಹಾಕಿ ಐಸು ಕುಟ್ಟಲು ಕೂರಿಸಿದರು. ಕುಟ್ಟಿದ್ದೇ ಕುಟ್ಟಿದ್ದು, ಇಪ್ಪತ್ತು ವರ್ಷ. ಬೆರಳ ಸಂದಿಯೆಲ್ಲ ಉಪ್ಪಿಗೆ ಒಡೆದು, ಮದುವೆ ಮನೆಗಳಲ್ಲಿ ಯಾರಾದರೂ ಕೈ ಹಿಡಿದು ಮಾತಾಡಿಸಿದರೆ ನಾನೇ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದೆ.

ಕೇಳಿಲ್ಲವೆಂದಲ್ಲ. ಒಂದು ದಿನ ಧೈರ್ಯ ಮಾಡಿ, “ಅತ್ತೆ, ಒಂದೇ ಒಂದು ಸಲ ನಾನು ಹಾಲು ನೋಡ್ಕೊಳ್ಲಾ?” ಎಂದೆ.

“ನೋಡ್ಕೊಳ್ಳುವಂತೆ. ನಾನು ಕಣ್ಣು ಮುಚ್ಚಿದ ಮೇಲೆ.”

“ಅದು ಯಾವಾಗ ಅಂತ ಹೇಳಿಬಿಟ್ರೆ ಅವತ್ತು ಬೇರೆ ಕೆಲಸ ಇಟ್ಕೊಳ್ಳಲ್ಲ.”

“ಬಾಯಿ ನೋಡು ಬಾಯಿ! ಇಲ್ಲಿ ಕೂತು ಮಾತಾಡಿದ್ರೆ ಗೋಪುರದ ತುದೀಲಿರೋ ಪಾರಿವಾಳ ಹಾರಿಹೋಗುತ್ತೆ. ಹೆಣ್ಣಿಗೆ ಇಷ್ಟು ಬಾಯಿ ಯಾಕೆ ಕೊಟ್ಟನೋ ದೇವರು.”

ಒಳಗಿನಿಂದ ನನ್ನ ಗಂಡ ನಕ್ಕದ್ದು ಕೇಳಿಸಿತು. ಅವರು ಊರು ನೋಡಲು ಬಂದವರನ್ನು ಕುದುರೆಗಾಡಿಯಲ್ಲಿ ಕೂರಿಸಿಕೊಂಡು ಸುತ್ತಾಡಿಸುವವರು. ಗಾಡಿಯ ಮೇಲೆ ಕೂತರೆ ಫಿರಂಗಿಯಿಂದ ಹಿಡಿದು ಕೊಳದವರೆಗೆ ಎಲ್ಲದರ ಕಥೆ ಹೇಳುತ್ತಾರೆ, ಮನೆಗೆ ಬಂದರೆ ಅವರ ಬಾಯಿಗೆ ಬೀಗ. ಅವರಮ್ಮನಿಗೂ ನನಗೂ ಮಾತಿಗೆ ಮಾತು ಬೆಳೆದಾಗ ಕುದುರೆಗೆ ನೀರು ಕುಡಿಸುವುದು ಅವರಿಗೆ ತಪ್ಪದೆ ನೆನಪಾಗುತ್ತದೆ.

ಹೀಗೆಯೇ ನಡೆಯುತ್ತಿತ್ತೋ ಏನೋ. ಆದರೆ ಅಂಗಡಿಯ ಜಾಗ ನಮ್ಮದಲ್ಲ. ಮಾಲೀಕರು ತೀರಿಹೋಗಿ, ಅವರ ಮಗ ಬಂದ. ಓಣಿಯ ಮನೆಗಳನ್ನೆಲ್ಲ ಒಡೆದು ದೊಡ್ಡ ಲಾಡ್ಜು ಕಟ್ಟುತ್ತೇನೆ, ತಿಂಗಳ ಕೊನೆಗೆ ಖಾಲಿ ಮಾಡಿ ಎಂದ. ಕೂಗಾಡಲಿಲ್ಲ, ನಯವಾಗಿಯೇ ಹೇಳಿ, ಎರಡು ಕಪ್ ಐಸ್‌ಕ್ರೀಮ್ ತಿಂದು, ಚೆನ್ನಾಗಿದೆ ಎಂದು ಹೊಗಳಿ ಹೋದ. ಅವನ ಮನೆ ಹಾಳಾಗ! ಹೊಗಳದಿದ್ದರೆ ನನಗೆ ಅಷ್ಟು ಉರಿಯುತ್ತಿರಲಿಲ್ಲ.

ಊರಿನಲ್ಲಿ ಬೇರೆ ಕಡೆ ಹುಡುಕಿದೆವು. ಐಸು ಕುಟ್ಟಿ ನೆಲವೆಲ್ಲ ಉಪ್ಪುನೀರು ಮಾಡುವವರಿಗೆ ಯಾರೂ ಅಂಗಡಿ ಕೊಡಲು ಒಪ್ಪಲಿಲ್ಲ. ಅತ್ತೆ ಮಾತು ಕಡಿಮೆ ಮಾಡಿದರು. ಒಂದು ಬೆಳಿಗ್ಗೆ ನಾನು ಐಸನ್ನು ದಪ್ಪ ದಪ್ಪ ಕುಟ್ಟಿದೆ, ಬೇಕೆಂದೇ. ನೋಡಿದರು. ಬೈಯಲಿಲ್ಲ. ಆವತ್ತು ನನಗೆ ನಿಜವಾಗಿ ಹೆದರಿಕೆಯಾಯಿತು.

ಅಂಥ ಹೊತ್ತಿನಲ್ಲಿ ನಮ್ಮವರು ಮಧ್ಯಾಹ್ನವೇ ಗಾಡಿ ಬಿಟ್ಟು ಓಡಿಬಂದರು. ರಿಪೇರಿಗೆಂದು ಮುಚ್ಚಿದ್ದ ಗೋಪುರವನ್ನು ಭಾನುವಾರ ಮತ್ತೆ ತೆರೆಯುತ್ತಾರಂತೆ. ಗೋಪುರದ ಬುಡದಲ್ಲಿರುವ ಕಲ್ಲಿನ ಕಾವಲು ಕೋಣೆಯನ್ನು ಊರಿನ ಯಾವುದಾದರೂ ಒಂದು ಸಿಹಿಯಂಗಡಿಗೆ ಕೊಡುತ್ತಾರಂತೆ. ಕಲ್ಲುನೆಲ, ನೀರು ಹೋಗಲು ಹಳೆಯ ಕಾಲುವೆ, ಎದುರಿಗೇ ಬರುವ ಹೋಗುವ ಜನ. ಕೇಳುತ್ತ ಕೇಳುತ್ತ ಅತ್ತೆ ಗೋಡೆ ಹಿಡಿದು ಎದ್ದು ನಿಂತರು.

“ಕೊಡೋದಕ್ಕೆ ಏನಂತೆ?”

“ಒಂದೇ ಷರತ್ತಮ್ಮ. ಅಂಗಡಿ ಯಾರದಾದ್ರೂ ಗೋಪುರ ಹತ್ತಿದವರಿಗೂ ಮೇಲೆ ಸಿಹಿ ಕೊಡ್ಬೇಕು. ಅದಕ್ಕೆ ಭಾನುವಾರ ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ತುದಿಯ ಬಿಸಿಲುಮಾಳಿಗೇಲಿ ಸಮಿತಿಯವರು ರುಚಿ ನೋಡ್ತಾರೆ. ಕೆನೆಯಣ್ಣ ಬರ್ತಾನೆ, ಜಾಮಕ್ಕ ಬರ್ತಾಳೆ. ಕರೆಂಟ್ ಇಲ್ಲ, ಒಳಗೆಲ್ಲ ಹಳೇ ಮರ ಅಂತ ಒಂದು ವೈರು ಎಳೆಯೋಕೂ ಬಿಡಲ್ಲ.”

“ಅಷ್ಟು ಮೇಲಕ್ಕೆ ಹೊತ್ತುಕೊಂಡು ಹೋಗೋಷ್ಟರಲ್ಲಿ ಐಸ್‌ಕ್ರೀಮು ಹಾಲಾಗಿರುತ್ತೆ” ಎಂದೆ ನಾನು.

ಅತ್ತೆ ನನ್ನನ್ನು ನೋಡಿದರು. ಎಷ್ಟೋ ದಿನದ ಮೇಲೆ ಆ ಕಣ್ಣಿಗೆ ಜೀವ ಬಂದಿತ್ತು. “ಐಸ್‌ಕ್ರೀಮ್ ಯಾಕೆ ಹೊರ್ತೀಯೇ ದಡ್ಡಿ? ಹಾಲು ಹೊತ್ತುಕೊಂಡು ಹೋಗೋದು. ಅಲ್ಲೇ ಮಾಡೋದು. ನಮ್ಮ ಬಕೆಟ್ಟಿಗೆ ಕರೆಂಟ್ ಯಾಕೆ?”

ಒಳ್ಳೆಯ ಯೋಚನೆಯೇ. ಆದರೆ ಅತ್ತೆಯ ಮೊಣಕಾಲು ಮನೆಯ ಹೊಸಿಲು ದಾಟುವುದಕ್ಕೇ ಪಂಚಾಯಿತಿ ಮಾಡುತ್ತದೆ, ಇನ್ನು ಆ ಸುರುಳಿ ಮೆಟ್ಟಿಲು ಹತ್ತುವುದೆಲ್ಲಿ ಬಂತು? ನಾವು ಮೂವರೂ ಆ ಮೊಣಕಾಲನ್ನೇ ನೋಡುತ್ತ ನಿಂತೆವು. ಕೊನೆಗೆ ಅತ್ತೆಯೇ ಬಾಯಿಬಿಟ್ಟರು.

“ನೀನು ಹಾಲಿನ ಕೈ” ಎಂದರು ನನಗೆ. ಮಗನ ಕಡೆ ತಿರುಗಿ, “ನೀನು ಉಪ್ಪಿನ ಕೈ” ಎಂದರು.

ನನಗೆ ಕುಣಿಯಬೇಕು ಅನ್ನಿಸಿತು. ಕುಣಿಯಲಿಲ್ಲ, ಗೋಡೆಗೆ ನೇತುಹಾಕಿದ್ದ ಬಿಳೀ ಏಪ್ರನ್ನಿಗೆ ಕೈ ಚಾಚಿದೆ.

“ಅದಕ್ಕೆ ಕೈ ಹಾಕ್ಬೇಡ” ಎಂದರು ಅತ್ತೆ. “ಒಂದು ದಿನದ ಮಟ್ಟಿಗೆ ಹಾಲು ಕೊಟ್ಟಿದೀನಿ. ಏಪ್ರನ್ ಕೊಟ್ಟಿಲ್ಲ.”

ನೋಡಿ, ಇದು ನಮ್ಮತ್ತೆ. ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಂಡರೇ ಅವರಿಗೆ ಸಮಾಧಾನ. ನನ್ನ ಹೊಟ್ಟೆ ಉರಿದು ಹೋಯಿತು. ಆದರೂ ಕೈ ಹಿಂದಕ್ಕೆ ತೆಗೆದುಕೊಂಡೆ, ಆ ಕೋಣೆ ನಮಗೆ ಬೇಕೇ ಬೇಕಿತ್ತು.

ಭಾನುವಾರ ಬಂತು. ಬಕೆಟ್ಟು, ಸುತ್ತಿಗೆ, ಕಪ್ಪುಗಳನ್ನು ನಮ್ಮವರು ಹಿಂದಿನ ದಿನವೇ ಮೇಲೆ ಸೇರಿಸಿದ್ದರು. ಬೆಳಿಗ್ಗೆ ಅತ್ತೆ ಸಕ್ಕರೆ ಸುಟ್ಟು, ಹಾಲು ಸುರಿದು, ಆರಿಸಿ, ಡಬ್ಬಿ ತುಂಬಿದರು. ನಾನು ಎಂದಿನಂತೆ ಉಪ್ಪಿನ ಡಬ್ಬವನ್ನು ಹೊರಗೆ ತಂದು ಜಗಲಿಯ ಮೇಲಿಟ್ಟೆ. ಆಗ ಅತ್ತೆ ಒಳಗಿನಿಂದ, “ಬಾ ಇಲ್ಲಿ. ಕೈ ತೊಳ್ಕೊಂಡು ಬಾ. ಇನ್ನೊಂದು ಸಲ ತೊಳಿ. ಹೂಂ, ಹಿಡಿ” ಎಂದು ಹಾಲಿನ ಡಬ್ಬಿಯನ್ನು ನನ್ನ ತೋಳಿನಲ್ಲಿಟ್ಟರು. ತಣ್ಣಗಿತ್ತು, ಭಾರವಾಗಿತ್ತು. ನನ್ನ ಮಗಳನ್ನು ಮೊದಲ ಸಲ ದಾದಿ ತಂದು ಕೊಟ್ಟಾಗಲೂ ನಾನು ಹಾಗೇ ಹಿಡಿದಿದ್ದೆ. ಉಬ್ಬಿ ಹೋಗಿದ್ದ ನನಗೆ ಮುಂದಿನ ದಾರಿಯೇ ಕಾಣುತ್ತಿರಲಿಲ್ಲ, ಇನ್ನು ಜಗಲಿ ಎಲ್ಲಿ ಕಾಣಬೇಕು? ನಮ್ಮವರು ಐಸಿನ ಗೋಣಿಚೀಲವನ್ನು ಹೆಗಲಿಗೇರಿಸಿಕೊಂಡು ಮುಂದೆ ನಡೆದರು, ನಾನು ಡಬ್ಬಿ ಅಪ್ಪಿಕೊಂಡು ಹಿಂದೆ.

ಗೋಪುರದ ಮೆಟ್ಟಿಲೆಂದರೆ ಒಬ್ಬರು ಹತ್ತುವಷ್ಟೇ ಅಗಲ. ಹತ್ತುವವರಿದ್ದರೆ ಇಳಿಯುವಂತಿಲ್ಲ, ಇಳಿಯುವವರಿದ್ದರೆ ಹತ್ತುವಂತಿಲ್ಲ. ನಾವು ಏದುಸಿರು ಬಿಡುತ್ತ ತುದಿ ಮುಟ್ಟುವ ಹೊತ್ತಿಗೆ ಕೆಳಗೆ ಬಾಗಿಲು ತೆರೆದರು. ಮೊದಲ ದಿನ ಟಿಕೆಟ್ಟಿಲ್ಲ ಎಂದು ಸಾರಿದ್ದರಿಂದ ಊರಿಗೆ ಊರೇ ಒಳಗೆ ನುಗ್ಗಿತು. ಮಾಳಿಗೆ ತುಂಬಿದ ಮೇಲೆ ಉಳಿದವರು ಮೆಟ್ಟಿಲುಗಳ ಮೇಲೇ ಸಾಲಾಗಿ ನಿಂತುಬಿಟ್ಟರು, ಮೇಲಿನವರು ಇಳಿಯಲಿ ಎಂದು ಕೆಳಗಿನವರು, ಕೆಳಗಿನವರು ದಾರಿ ಬಿಡಲಿ ಎಂದು ಮೇಲಿನವರು.

ಮೇಲೆ ಬಿಸಿಲೆಂದರೆ ಬಿಸಿಲು. ಸಮಿತಿಯ ಅಧ್ಯಕ್ಷೆ ಕೊಡೆಯ ಕೆಳಗೆ ಕೂತಿದ್ದರು. ನಿವೃತ್ತ ಮುಖ್ಯೋಪಾಧ್ಯಾಯಿನಿ, ಊರಿನ ಅರ್ಧ ಜನಕ್ಕೆ ಕಿವಿ ಹಿಂಡಿದವರು. ಆಚೆ ಕೆನೆಯಣ್ಣ ಮೂರಂತಸ್ತಿನ ಕೇಕು ನಿಲ್ಲಿಸಿಕೊಂಡು ಅದಕ್ಕೆ ಬೀಸಣಿಗೆ ಬೀಸುತ್ತಿದ್ದ. ಕೇಕು ಆಗಲೇ ಒಂದು ಕಡೆ ವಾಲಲು ಶುರು ಮಾಡಿತ್ತು. ಜಾಮಕ್ಕ ಬುಟ್ಟಿಯ ಮೇಲೆ ಒದ್ದೆ ಬಟ್ಟೆ ಹೊದಿಸಿ ಕಾಯುತ್ತಿದ್ದಳು.

“ಏನಮ್ಮ, ಈಗಿನ್ನೂ ಹಾಲು ತಂದಿದೀಯ?” ಎಂದ ಕೆನೆಯಣ್ಣ. “ಹನ್ನೆರಡಕ್ಕೆ ಎಲ್ಲರಿಗೂ ಒಂದೊಂದು ಲೋಟ ಕುಡಿಸ್ತೀಯೋ?”

“ನೀನು ನಿನ್ನ ಕೇಕು ಹಿಡ್ಕೊ ಅಣ್ಣ, ಅದು ಕೊಳ ನೋಡೋಕೆ ಹೊರಟಿದೆ” ಎಂದೆ. ಜಾಮಕ್ಕ ಬಾಯಿಗೆ ಬಟ್ಟೆ ಅಡ್ಡ ಹಿಡಿದು ನಕ್ಕಳು.

ನಾನು ಡಬ್ಬಿ ನಿಲ್ಲಿಸಿದೆ. ನಮ್ಮವರು ಐಸು ಕುಟ್ಟಿ ಸುತ್ತ ತುಂಬಿದರು. ನಾನು ಹಿಡಿ ತಿರುಗಿಸತೊಡಗಿದೆ. ಇಪ್ಪತ್ತು ವರ್ಷ ಆ ಸದ್ದನ್ನು ಕೇಳಿದ್ದೇನೆ. ಮೊದಲು ಗಳಗಳ, ಹಾಲು ದಪ್ಪಗಾಗುತ್ತ ಬಂದ ಹಾಗೆ ಗುಂಯ್‌ಗುಂಯ್, ಆಮೇಲೆ ಹಿಡಿ ಬಿಗಿಯಾಗಿ ರಟ್ಟೆಗೇ ಗೊತ್ತಾಗುತ್ತದೆ. ತಿರುಗಿಸಿದೆ, ತಿರುಗಿಸಿದೆ. ಗಳಗಳ. ಇನ್ನೂ ತಿರುಗಿಸಿದೆ. ಅದೇ ಗಳಗಳ. ಹಿಡಿ ಗಿರಗಟ್ಲೆಯ ಹಾಗೆ ಹಗುರವಾಗಿ ಸುತ್ತುತ್ತಿತ್ತು.

“ರೀ, ಉಪ್ಪು ಹಾಕಿದ್ರಾ?”

“ನೀನು ಐಸಿಗೆ ಹಾಕಿ ಕೊಟ್ಟಿರಲಿಲ್ವಾ?”

“ನಾನ್ಯಾಕೆ ಹಾಕ್ಲಿ? ನಾನು ಹಾಲಿನ ಕೈ!”

“ದಿನಾ ನೀನೇ ತಾನೇ ಹಾಕೋದು...”

“ದಿನಾ ನಾನು ಉಪ್ಪಿನ ಕೈ! ಇವತ್ತು ನೀವು! ಉಪ್ಪು ಎಲ್ಲಿ?”

ಅವರು ಗೋಣಿಚೀಲ ಕೊಡವಿದರು. ಐಸು ಕರಗದಿರಲೆಂದು ಹಾಕಿದ್ದ ಒದ್ದೆ ಮರದ ಹೊಟ್ಟು ಬಿತ್ತು. ನನ್ನ ಕಣ್ಣ ಮುಂದೆ ಜಗಲಿ ಬಂದು ನಿಂತಿತು, ಜಗಲಿಯ ಮೇಲೆ ನಾನೇ ತಂದಿಟ್ಟ ಡಬ್ಬ. ಉಪ್ಪಿನ ಕೆಲಸದಿಂದ ಬಿಡುಗಡೆಯಾಯಿತು ಎಂಬ ಖುಷಿಯಲ್ಲಿ ನಾನು ಉಪ್ಪನ್ನೇ ಬಿಟ್ಟು ಬಂದಿದ್ದೆ. ಇವರೋ, ಹುಟ್ಟಿದಾಗಿನಿಂದ ಆ ಮನೆಯಲ್ಲಿದ್ದರೂ ಉಪ್ಪು ತಾನಾಗಿ ಐಸಿನೊಳಗೆ ಇರುತ್ತದೆ ಎಂದುಕೊಂಡಿದ್ದ ಪುಣ್ಯಾತ್ಮ.

“ಇಳಿದು ಓಡ್ತೀನಿ” ಎಂದು ಅವರು ಬಾಗಿಲಿಗೆ ಹೋದರು, ಹೋದಷ್ಟೇ ಬೇಗ ವಾಪಸ್ಸು ಬಂದರು. ಮೆಟ್ಟಿಲ ಬಾಯಲ್ಲೇ ಜನ ಕಿಕ್ಕಿರಿದು ನಿಂತಿದ್ದರು. ಒಂದು ಬೆಕ್ಕೂ ಇಳಿಯುವಂತಿರಲಿಲ್ಲ. ಬಕೆಟ್ಟಿನಲ್ಲಿ ಐಸು ನೀರಾಗುತ್ತಿತ್ತು. ಅದು ಕರಗಿದರೆ ಮುಗಿಯಿತು, ಐಸ್‌ಕ್ರೀಮೂ ಇಲ್ಲ, ಕೋಣೆಯೂ ಇಲ್ಲ, ಅತ್ತೆಯ ಬಾಣಲೆ ಅಟ್ಟ ಸೇರುವುದೇ. ನನಗೆ ಅಳು ಬಂತು. ಅತ್ತದ್ದೂ ಹೌದು, ಸುಳ್ಳು ಯಾಕೆ ಹೇಳಲಿ?

ಕಣ್ಣೊರೆಸಿಕೊಂಡು ಕಟ್ಟೆಯಾಚೆ ಬಗ್ಗಿದೆ. ಕೆಳಗೆ ನಮ್ಮ ಓಣಿ. ಹೆಂಚಿನ ಮಾಡುಗಳ ಸಂದಿಯಲ್ಲಿ ನಮ್ಮ ಜಗಲಿ, ಜಗಲಿಯ ಪಕ್ಕ ಕುರ್ಚಿ, ಕುರ್ಚಿಯಲ್ಲೊಂದು ಬಿಳಿ ಚುಕ್ಕೆ. ಏಪ್ರನ್ ಕಟ್ಟಿಕೊಂಡೇ ಕೂತಿದ್ದರು ಅತ್ತೆ, ಗೋಪುರದ ಕಡೆ ಮುಖ ಮಾಡಿ.

ನಾನು ಉಸಿರು ತುಂಬಿಕೊಂಡೆ. “ಅತ್ತೇಏಏಏ! ಉಪ್ಪೂಊಊಊ!”

ಗಂಟೆಯ ಕೋಣೆಯಲ್ಲಿದ್ದ ಪಾರಿವಾಳಗಳೆಲ್ಲ ದಡಬಡನೆ ಎದ್ದು ಹಾರಿದವು. ಅಧ್ಯಕ್ಷೆ ಕೊಡೆ ಬೀಳಿಸಿಕೊಂಡರು. ಕೊಳದ ಬಳಿ ನಿಂತವರೂ ತಿರುಗಿ ನೋಡಿದರಂತೆ. ಬಿಳಿ ಚುಕ್ಕೆ ಎದ್ದು ನಿಂತಿತು, ಜಗಲಿಯ ಕಡೆ ಬಗ್ಗಿತು, ಆಮೇಲೆ ಮಾಡಿನ ಮರೆಗೆ ಹೋಯಿತು.

ಕೆಳಗೆ ಆದದ್ದನ್ನು ಆಮೇಲೆ ಓಣಿಯವರೆಲ್ಲ ಸೇರಿ ನನಗೆ ಹೇಳಿದ್ದಾರೆ, ಒಬ್ಬೊಬ್ಬರು ಒಂದೊಂದು ಮಸಾಲೆ ಸೇರಿಸಿ. ಉಪ್ಪಿನ ಡಬ್ಬ ಅತ್ತೆಗೆ ಎತ್ತಲಾಗಲಿಲ್ಲ. ಅಕ್ಕಪಕ್ಕದಲ್ಲಿ ಮುದುಕರು ಮಕ್ಕಳು ಬಿಟ್ಟರೆ ಉಳಿದವರೆಲ್ಲ ಗೋಪುರ ಹತ್ತಲು ಹೋಗಿದ್ದರು. ಅತ್ತೆ ಏಪ್ರನ್ ಬಿಚ್ಚಿ ನೆಲಕ್ಕೆ ಹಾಸಿ, ಉಪ್ಪನ್ನು ಬೊಗಸೆ ಬೊಗಸೆಯಾಗಿ ಅದಕ್ಕೆ ಸುರಿದು, ಗಂಟು ಕಟ್ಟಿ, ಎದೆಗೆ ಅವುಚಿಕೊಂಡು ಆ ಏರು ಹತ್ತಿದರು. ಆ ಮೊಣಕಾಲಿನಲ್ಲಿ! ಗೋಪುರದ ಬಾಗಿಲಲ್ಲಿ ಕಾವಲುಗಾರ, “ಅಜ್ಜಿ, ಸಾಲಿನಲ್ಲಿ ಬನ್ನಿ” ಎಂದನಂತೆ. “ಸಾಲಿನಲ್ಲಿ ನಿನ್ನ ತಲೆ! ಉಪ್ಪು ಮೇಲಕ್ಕೆ ಹೋಗ್ಬೇಕು, ದಾಟಿಸು” ಎಂದು ಅವನ ಕೈಗೆ ತುರುಕಿದರಂತೆ. ಅವನು ಮುಂದಿನವನಿಗೆ ಕೊಟ್ಟ.

ನಮಗೆ ಮೇಲೆ ಮೊದಲು ಕೇಳಿಸಿದ್ದು ಸದ್ದು. ಬಾವಿಯ ತಳದಿಂದ ಬಂದ ಹಾಗೆ, ಸುತ್ತಿ ಸುತ್ತಿ ಮೇಲೇರುತ್ತಿತ್ತು. “ಉಪ್ಪು... ಉಪ್ಪು ಮೇಲಕ್ಕೆ... ಹುಷಾರು, ಗಂಟು ಬಿಚ್ಚೀತು... ಹಿಡ್ಕೊಳ್ಳಿ ಅಕ್ಕ... ಕೊಡಿ ಮಾವ...” ಯಾಕೆ, ಯಾರಿಗೆ ಎಂದು ಎಷ್ಟೋ ಜನಕ್ಕೆ ಗೊತ್ತಿರಲಿಲ್ಲ. ಆದರೂ ಕೊಟ್ಟರು. ನಮ್ಮ ಭಾಷೆ ಬಾರದ ಪ್ರವಾಸಿಗಳೂ, “ಉಪ್ಪು, ಉಪ್ಪು” ಎಂದು ಕೂಗುತ್ತ ದಾಟಿಸಿದರು. ನಮ್ಮವರು ಮೆಟ್ಟಿಲ ಬಾಗಿಲಿನತ್ತ ಕತ್ತು ಚಾಚಿದರು, ಆದರೆ ಬಾಗಿಲ ಪಕ್ಕದಲ್ಲೇ ನಿಂತಿದ್ದವನು ಕೆನೆಯಣ್ಣ. ಗಂಟು ಬಂದು ಬಿದ್ದದ್ದು ಅವನ ಕೈಗೆ.

ಅವನು ಗಂಟನ್ನು ನೋಡಿದ, ವಾಲಿದ ತನ್ನ ಕೇಕನ್ನು ನೋಡಿದ, ನನ್ನನ್ನು ನೋಡಿದ. ಆ ಕಾವಲು ಕೋಣೆ ಅವನಿಗೂ ಬೇಕಿತ್ತು.

“ಹಿಡಿಯಮ್ಮ” ಎಂದ ಕೊನೆಗೆ. “ಸೋತರೆ ನಿನ್ನ ಐಸ್‌ಕ್ರೀಮಿಗೆ ಸೋತೆ ಅನ್ನಿಸಿಕೊಳ್ತೀನಿ. ಕಾಲು ಸೇರು ಉಪ್ಪು ಬಚ್ಚಿಟ್ಟು ಗೆದ್ದೆ ಅನ್ನಿಸಿಕೊಳ್ಳಲ್ಲ.”

ನಾನು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೆ. “ನನ್ನ ಕೈಗೆ ಬೇಡ! ಅವರ ಕೈಗೆ ಕೊಡಣ್ಣ, ಅವರ ಕೈಗೆ!”

ನಮ್ಮವರು ಗಂಟು ಇಸಿದುಕೊಂಡು ನೆಲಕ್ಕೆ ಬಿಚ್ಚಿದರು. ಆಗ ನೋಡಿದೆ. ಬಿಳೀ ಬಟ್ಟೆ, ಅಂಚಿನಲ್ಲಿ ಸುಟ್ಟ ಸಕ್ಕರೆಯ ಹಳೆಯ ಕಲೆ, ಉದ್ದನೆಯ ಕಟ್ಟುದಾರ. ಜೀವಮಾನವಿಡೀ ಒಂದು ಹರಳು ಉಪ್ಪು ತಾಗಿಸಿಕೊಳ್ಳದ ಏಪ್ರನ್. ಆದರೆ ಅಳಲು ಪುರುಸೊತ್ತಿರಲಿಲ್ಲ.

“ಸುರಿಯಿರಿ! ಸುತ್ತ ಹಾಕಿ, ಒಂದೇ ಕಡೆ ಅಲ್ಲ! ಐಸು, ಮೇಲೆ ಉಪ್ಪು, ಮತ್ತೆ ಐಸು! ಇಪ್ಪತ್ತು ವರ್ಷದಿಂದ ನೋಡಿಲ್ವಾ ನೀವು?”

“ಕುದುರೆಗೆ ನೀರು ಕುಡಿಸ್ತಿದ್ದೆ ಕಣೇ” ಎಂದರು ಪಾಪ, ಬೆವರು ಸುರಿಸುತ್ತ.

ಹಿಡಿ ತಿರುಗಿಸಿದೆ. ಗಳಗಳ, ಗಳಗಳ. ಅಧ್ಯಕ್ಷೆ ಭಾಷಣಕ್ಕೆ ಎದ್ದರು. ಶಾಲೆಯಲ್ಲಿದ್ದಾಗ ಅವರ ಭಾಷಣಕ್ಕೆ ನಾವು ಶಾಪ ಹಾಕುತ್ತಿದ್ದೆವು; ಆವತ್ತು ಮಾತ್ರ, ತಾಯೀ, ಇನ್ನಷ್ಟು ಮಾತಾಡಿ, ಗೋಪುರದ ಒಂದೊಂದು ಕಲ್ಲಿನ ಬಗ್ಗೆಯೂ ಹೇಳಿ ಎಂದು ಬೇಡಿಕೊಂಡೆ. ಹೇಳಿದರು ಕೂಡ. ಕಲ್ಲು ಮುಗಿಸಿ ಗಾರೆಗೆ ಬರುವಾಗ ಹಿಡಿ ಒಮ್ಮೆ ಗುಂಯ್ ಎಂದಿತು. ಬಕೆಟ್ಟಿನ ಹೊರಮೈಯಲ್ಲಿ ಬೆಳ್ಳಗೆ ಹಿಮದ ಪುಡಿ ಕಟ್ಟಿತು. ರಟ್ಟೆ ಬಿಗಿಯಿತು. ಕೇಕು ಹಂಚಿದರು, ಕೆನೆ ಬೆರಳ ಸಂದಿಯಿಂದ ಇಳಿಯಿತು. ಜಾಮ್ ರೋಲು ಹಂಚಿದರು, ಬಿಸಿಲಿಗೆ ತುಸು ಒಣಗಿತ್ತು. ನಾನು ಹಲ್ಲು ಕಚ್ಚಿ ತಿರುಗಿಸುತ್ತಲೇ ಇದ್ದೆ, ಹಿಡಿ ಇನ್ನು ಒಂದಿಷ್ಟೂ ಅಲುಗುವುದಿಲ್ಲ ಎನ್ನುವವರೆಗೆ.

ನಮ್ಮ ಕಾಲ ಕೆಳಗೇ ಗಡಿಯಾರದ ಗಂಟೆ ಹನ್ನೆರಡು ಬಾರಿಸತೊಡಗಿತು. ಮಾಳಿಗೆಯೇ ನಡುಗಿತು. ನಾನು ಮುಚ್ಚಳದ ಮೇಲೆ ತಣ್ಣೀರು ಹೊಯ್ದು, ಅಂಚನ್ನು ಸುತ್ತ ಒರೆಸಿ, ಇನ್ನೊಂದು ಒಣ ಬಟ್ಟೆಯಲ್ಲಿ ಒರೆಸಿ, ಆಮೇಲೆ ಎತ್ತಿದೆ. ಯಾರೂ ಹೇಳಿಕೊಟ್ಟದ್ದಲ್ಲ. ದೂರ ನಿಂತು ನೋಡಿ ನೋಡಿ ಕೈಗೆ ಬಂದಿತ್ತು.

ಒಳಗೆ ಕಂದು ಬಣ್ಣದ ಐಸ್‌ಕ್ರೀಮು ಗಟ್ಟಿಯಾಗಿ, ಮಿರಿಮಿರಿ ಎಂದು ನಿಂತಿತ್ತು.

ಮೊದಲ ಕಪ್ಪು ಅಧ್ಯಕ್ಷೆಗೆ ಕೊಟ್ಟೆ. ಒಂದು ಚಮಚ ಬಾಯಿಗಿಟ್ಟರು. ಕಣ್ಣು ಮುಚ್ಚಿದರು. ಎರಡನೆಯದು, ಮೂರನೆಯದು. ಕಪ್ಪು ಖಾಲಿಯಾದ ಮೇಲೆ ಚಮಚ ನೆಕ್ಕಿ, ನನ್ನ ಕಡೆ ಕಪ್ಪು ಚಾಚಿ, “ಇನ್ನೊಂದು ಹಾಕು” ಎಂದರು. ಸಮಿತಿಯ ಉಳಿದವರು ಪರಸ್ಪರ ನೋಡಿಕೊಂಡರು, ತಮಗೆಲ್ಲಿ ಉಳಿಯುವುದಿಲ್ಲವೋ ಎಂಬ ಭಯ.

“ತೀರ್ಮಾನ ಹೇಳಬೇಕು ಮೇಡಂ” ಎಂದ ಒಬ್ಬ ಸದಸ್ಯ.

“ಬಾಯಲ್ಲಿ ಐಸ್‌ಕ್ರೀಮ್ ಇರೋದು ಕಾಣಲ್ವೇನೋ?” ಎಂದು ಅವನನ್ನು ಗದರಿಸಿ, ನುಂಗಿ, ಎದ್ದು ನಿಂತು, ಕಾವಲು ಕೋಣೆ ಸುಟ್ಟ ಸಕ್ಕರೆಯವರದು ಎಂದು ಸಾರಿದರು. ಕೆನೆಯಣ್ಣನೇ ಮೊದಲು ಚಪ್ಪಾಳೆ ಹೊಡೆದ, ಕೈಯಲ್ಲಿದ್ದ ಕಪ್ಪನ್ನು ಕೆಳಗಿಟ್ಟು. ಜಾಮಕ್ಕ ನನ್ನ ಒಡೆದ ಕೈ ಹಿಡಿದು ಕುಲುಕಿದಳು. ನಾನು ಎಳೆದುಕೊಳ್ಳಲಿಲ್ಲ.

ಸುದ್ದಿ ಮೆಟ್ಟಿಲು ಸುತ್ತಿ ಸುತ್ತಿ ಇಳಿಯಿತು. ಒಂದು ಕ್ಷಣ ಬಿಟ್ಟು ಕೆಳಗಿನಿಂದ ಅಂಥದೊಂದು ಕೂಗು ಎದ್ದಿತು, ಇಡೀ ಗೋಪುರವೇ ಬಾಯಿಬಿಟ್ಟು ನಕ್ಕ ಹಾಗೆ! ಆಮೇಲೆ ಶುರುವಾಯಿತು ನೋಡಿ. “ಆ ಗಂಟು ನಾನೇ ದಾಟಿಸಿದ್ದು, ನನಗೊಂದು ಚಮಚ!” “ಜಾರಿ ಬೀಳೋದಿತ್ತು, ಹಿಡಿದೋನು ನಾನು!” ಸಾಲಿನಲ್ಲಿದ್ದ ಪ್ರತಿಯೊಬ್ಬರೂ ಉಪ್ಪಿನ ವಾರಸುದಾರರೇ. ಕೊಟ್ಟೆ. ಒಬ್ಬೊಬ್ಬರಿಗೆ ಒಂದೊಂದು ಚಮಚ, ತಿಂದವರು ತಾವಾಗಿ ಇಳಿದು ದಾರಿ ಬಿಟ್ಟರು. ಅಷ್ಟು ಹೊತ್ತೂ ನನ್ನ ಬಾಯಿ ಮುಚ್ಚಲೇ ಇಲ್ಲ, ನಗುವುದಕ್ಕೆ, ಕೂಗುವುದಕ್ಕೆ, ಗಂಡನನ್ನು ಗದರುವುದಕ್ಕೆ.

ಡಬ್ಬಿಯ ತಳದಲ್ಲಿ ಒಂದು ಕಪ್ಪಿನಷ್ಟು ಉಳಿಸಿಕೊಂಡಿದ್ದೆ. ಅದನ್ನು ಉಪ್ಪು ಐಸಿನ ನಡುವೆ ಇಟ್ಟುಕೊಂಡೇ ನಮ್ಮವರು ಬಕೆಟ್ಟು ಹೊತ್ತು ಇಳಿದರು. ನಾನು ಒದ್ದೆ ಏಪ್ರನ್ನನ್ನು ಮಡಿಚಿ ಕಂಕುಳಲ್ಲಿ ಹಿಡಿದಿದ್ದೆ.

ಅತ್ತೆ ಕಾವಲುಗಾರನ ಕುರ್ಚಿಯಲ್ಲಿ ಕೂತಿದ್ದರು, ಮೊಣಕಾಲು ನೀಡಿಕೊಂಡು. ಪಾಪ, ಆ ಕಾವಲುಗಾರ ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದ. ಅವರ ಎದುರಿಗೇ ಕಲ್ಲಿನ ಕೋಣೆಯ ಬಾಗಿಲು ತೆರೆದಿತ್ತು. ಆಗಲೇ ಒಳಗೆ ಹೋಗಿ ಒಲೆ ಎಲ್ಲಿ, ಬಕೆಟ್ಟು ಎಲ್ಲಿ ಎಂದು ಗೊತ್ತು ಮಾಡಿ ಬಂದಿದ್ದರಂತೆ, ತೀರ್ಮಾನ ಹೊರಬೀಳುವ ಮುಂಚೆಯೇ.

ನಾನು ಕಪ್ಪು ಕೊಟ್ಟೆ. ನಾನು ಮಾಡಿದ ಐಸ್‌ಕ್ರೀಮನ್ನು ಅತ್ತೆ ತಿನ್ನುತ್ತಿದ್ದದ್ದು ಅದೇ ಮೊದಲು. ಅವರು ನಾಲಿಗೆಯ ಮೇಲೆ ಇಟ್ಟುಕೊಂಡು ಗೋಪುರದ ಕಡೆ ನೋಡಿದರು.

“ನಿನ್ನ ಬಾಯಿ ಓಣಿಯ ಕೊನೇ ಮನೆಗೂ ಕೇಳಿಸ್ತು” ಎಂದರು.

“ಹೌದತ್ತೆ.”

“ಉಪ್ಪು ಮರೆತು ಹೋದೋಳು ನೀನು.”

“ಹೌದತ್ತೆ.” ತಲೆ ತಗ್ಗಿಸಿದೆ.

ಅವರು ಇನ್ನೊಂದು ಚಮಚ ತಿಂದರು. ಆಮೇಲೆ ನನ್ನ ಕಂಕುಳಿನಿಂದ ಏಪ್ರನ್ ಎಳೆದು, ಉಪ್ಪಿನ ಹರಳುಗಳನ್ನು ಎರಡು ಸಲ ಕೊಡವಿ, ನನ್ನ ಕೊರಳಿಗೆ ಹಾಕಿದರು. ಬಗ್ಗು ಎಂದು ಗದರಿ ಹಿಂದೆ ದಾರ ಕಟ್ಟಿದರು. ಅವರ ಬೆರಳುಗಳು ಉಪ್ಪಿಗೆ ಕೆಂಪಾಗಿದ್ದವು.

“ಉಪ್ಪು ಮರೆಯೋಳ ಕೈಗೆ ಇನ್ನು ಉಪ್ಪು ಕೊಡೋಕಾಗಲ್ಲ” ಎಂದರು. “ನಾಳೆಯಿಂದ ಅದನ್ನ ನಾನು ನೋಡ್ಕೊಳ್ತೀನಿ. ನೀನು ಹಾಲಿಗೇ ಇರು.”